ಕಣ್ಣೊಳಗಿನ ಜೆಲ್ಲಿ ತೆಗೆದರೆ ದೃಷ್ಟಿ ಮರಳುತ್ತದೆಯೇ?

ಕಣ್ಣೊಳಗಿನ ಜೆಲ್ಲಿ ತೆಗೆಯುವ ವಿಟ್ರೆಕ್ಟಮಿ ಎಂಬ ಆಪರೇಷನ್‌ನ ಹೆಸರು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದು 2024ರ ಬೇಸಿಗೆಯಲ್ಲಿ. ಅರವಿಂದ ಕೇಜ್ರಿವಾಲ್ ಬಂಧನವಾಗಿತ್ತು, ಲೋಕಸಭಾ ಚುನಾವಣೆ ಕಾವೇರಿತ್ತು. ಆಗ ಆಮ್ ಆದ್ಮಿ ಪಕ್ಷದ ಮುಖ್ಯ ಮುಖಗಳಲ್ಲಿ ಒಬ್ಬರಾಗಿದ್ದ ರಾಜ್ಯಸಭಾ ಸದಸ್ಯ ರಾಘವ್ ಚಡ್ಡಾ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಅವರು ಬ್ರಿಟನ್‌ನಲ್ಲಿದ್ದಾರೆ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಕಳಚಿಕೊಳ್ಳದಂತೆ ತಡೆಯಲು ವಿಟ್ರೆಕ್ಟಮಿ ಮಾಡಿಸಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ದೃಷ್ಟಿಯೇ ಹೋಗುವ ಅಪಾಯವಿತ್ತು ಎಂದು ಅಂದಿನ ದೆಹಲಿ ಸಚಿವ ಸೌರಭ್ ಭಾರದ್ವಾಜ್ ಹೇಳಿದರು. ಓದಿದವರಿಗೆ ಗೊಂದಲವಾಯಿತು. 35 ವರ್ಷದವರಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗುವಂಥದ್ದೇನಾಗುತ್ತದೆ? ಕಣ್ಣಿನ ಒಳಗಿನ ಜೆಲ್ಲಿಯನ್ನೇ ತೆಗೆದುಬಿಟ್ಟರೆ ಕಣ್ಣು ಉಳಿಯುವುದು ಹೇಗೆ?

ರಾಜಕೀಯ ಬದಿಗಿರಲಿ. ಆ ಪ್ರಶ್ನೆಗಳು ಮಾತ್ರ ಇವತ್ತಿಗೂ ಇವೆ. ಸಕ್ಕರೆ ಕಾಯಿಲೆ ಇರುವ ಸಾವಿರಾರು ಮನೆಗಳಲ್ಲಿ ಅವು ಜೀವನದ ಪ್ರಶ್ನೆಗಳೇ ಆಗಿವೆ. ಡಾಕ್ಟರು "ಒಳಗೆ ರಕ್ತ ಸೋರಿದೆ, ಆಪರೇಷನ್ ಬೇಕಾಗಬಹುದು" ಎನ್ನುತ್ತಾರೆ. ಇನ್ನೊಬ್ಬರು "ಇಂಜೆಕ್ಷನ್ ಹಾಕಿ ನೋಡೋಣ" ಎನ್ನುತ್ತಾರೆ. ಮೂರನೆಯವರು "ಕಾಯೋಣ" ಎನ್ನುತ್ತಾರೆ. ಮೂವರೂ ಸರಿ ಇರಬಹುದು. ಅದು ಹೇಗೆ ಎಂದು ತಿಳಿಯಬೇಕಾದರೆ ಕಣ್ಣಿನ ಒಳಗೆ ಏನಿದೆ ಎಂಬುದರಿಂದ ಶುರು ಮಾಡಬೇಕು.

ಮಸೂರದ ಹಿಂದಿನ ಜಾಗ

ನಮಗೆ ಚೆನ್ನಾಗಿ ಗೊತ್ತಿರುವ ಕಣ್ಣಿನ ಆಪರೇಷನ್ ಎಂದರೆ ಪೊರೆಯದು. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಅದರ ಹಿಂದೆ ದೊಡ್ಡದೊಂದು ಜಾಗವಿದೆ. ಕಣ್ಣುಗುಡ್ಡೆಯ ಐದರಲ್ಲಿ ನಾಲ್ಕು ಪಾಲು ಅದೇ. ಅಲ್ಲಿ ತುಂಬಿರುವ ತಿಳಿಯಾದ ಜೆಲ್ಲಿಯೇ ವಿಟ್ರಿಯಸ್. ಅಳತೆ ಸುಮಾರು 4 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಚಮಚದಷ್ಟು. ಅದರಲ್ಲಿ 98ರಿಂದ 99 ಭಾಗ ನೀರು. ಉಳಿದದ್ದು ತೀರಾ ತೆಳುವಾದ ಕೊಲಾಜೆನ್ ಎಳೆಗಳು ಮತ್ತು ಆ ಎಳೆಗಳನ್ನು ದೂರ ದೂರ ಹಿಡಿದಿಡುವ ಹೈಯಲುರಾನಿಕ್ ಆಮ್ಲ.

ಜೆಲ್ಲಿಯ ಹಿಂದೆ, ಕಣ್ಣಿನ ಒಳಗೋಡೆಗೆ ಅಂಟಿಕೊಂಡು ರೆಟಿನಾ ಇದೆ. ಜನ ಇದನ್ನು ಕಣ್ಣಿನ ನರ ಅಥವಾ ಪರದೆ ಅಂತಾರೆ. ಬೆಳಕನ್ನು ಹಿಡಿದು ಮಿದುಳಿಗೆ ಕಳಿಸುವುದು ಇದೇ. ಅದರ ನಟ್ಟನಡುವಿನ ಚಿಕ್ಕ ಜಾಗದ ಹೆಸರು ಮ್ಯಾಕ್ಯುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ಅದರಿಂದಲೇ.

ಬೆಳಕು ಮಸೂರ ದಾಟಿ, ಜೆಲ್ಲಿ ದಾಟಿ ರೆಟಿನಾ ಮುಟ್ಟಬೇಕು. ಹಾಗಾಗಿ ವಿಟ್ರಿಯಸ್‌ನಿಂದ ತೊಂದರೆ ಬರುವುದು ಎರಡೇ ದಾರಿಯಲ್ಲಿ. ಒಂದೋ ಜೆಲ್ಲಿ ಕದಡಿ ಬೆಳಕಿಗೆ ಅಡ್ಡ ಬರುತ್ತದೆ, ಇಲ್ಲವೇ ಅದು ರೆಟಿನಾವನ್ನು ಹಿಡಿದು ಎಳೆಯುತ್ತದೆ. ಎರಡಕ್ಕೂ ವ್ಯತ್ಯಾಸ ಬಹಳ ಇದೆ. ಅಡ್ಡ ಬಂದದ್ದನ್ನು ತೆಗೆದರೆ ನೋಟ ಮರಳುತ್ತದೆ. ಎಳೆದು ಹಾಳು ಮಾಡಿದ್ದನ್ನು ಪೂರ್ತಿ ಸರಿ ಮಾಡಲು ಆಗದಿರಬಹುದು.

ವಯಸ್ಸಾದಂತೆ ಜೆಲ್ಲಿ ಸರಿಯುತ್ತದೆ

ಚಿಕ್ಕ ವಯಸ್ಸಿನಲ್ಲಿ ಗಟ್ಟಿಯಾಗಿರುವ ವಿಟ್ರಿಯಸ್ ವರ್ಷ ಕಳೆದಂತೆ ನೀರಾಗುತ್ತದೆ. ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅವುಗಳ ನೆರಳು ರೆಟಿನಾ ಮೇಲೆ ಬಿದ್ದಾಗ ಕಣ್ಣೆದುರು ನೊಣ, ಕೂದಲು, ಜೇಡರ ಬಲೆ ಓಡಾಡಿದಂತೆ ಕಾಣುತ್ತದೆ. 50–60 ದಾಟಿದ ಮೇಲೆ ಒಂದು ಹಂತದಲ್ಲಿ ಜೆಲ್ಲಿ ಹಿಂಭಾಗದ ರೆಟಿನಾದಿಂದ ಬಿಟ್ಟು ಮುಂದಕ್ಕೆ ಸರಿಯುತ್ತದೆ. ಇದು ಕಾಯಿಲೆ ಅಲ್ಲ, ಹೆಚ್ಚು ಕಡಿಮೆ ಎಲ್ಲರಿಗೂ ಆಗುವಂಥದ್ದು. ದಪ್ಪ ಮೈನಸ್ ಕನ್ನಡಕ ಹಾಕುವವರಲ್ಲಿ, ಕಣ್ಣಿಗೆ ಪೆಟ್ಟು ಬಿದ್ದವರಲ್ಲಿ ಬೇಗ ಆಗುತ್ತದೆ. ಮೂವತ್ತರ ಹರೆಯದಲ್ಲೂ ಆಗಬಹುದು.

ಬಹಳಷ್ಟು ಜನರಲ್ಲಿ ಈ ಬಿಡುಗಡೆ ಸಲೀಸಾಗಿ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಜೆಲ್ಲಿ ರೆಟಿನಾದ ಒಂದು ಜಾಗಕ್ಕೆ ಗಟ್ಟಿಯಾಗಿ ಅಂಟಿರುತ್ತದೆ. ಸರಿಯುವಾಗ ಅದು ಆ ಜಾಗವನ್ನು ಎಳೆದು ಹರಿದುಬಿಡುತ್ತದೆ. ಆ ಎಳೆತವೇ ಕತ್ತಲಲ್ಲೂ ಮಿಂಚು ಹೊಡೆದಂತೆ ಕಾಣಿಸುವುದು. ಹೀಗೆ ಹೊಸದಾಗಿ ಚುಕ್ಕೆ, ಮಿಂಚು ಕಂಡು ಆಸ್ಪತ್ರೆಗೆ ಬಂದವರಲ್ಲಿ ಸುಮಾರು 10ರಿಂದ 15 ಶೇಕಡಾ ಜನರಿಗೆ ರೆಟಿನಾ ಹರಿದಿರುತ್ತದೆ. ಜೊತೆಗೆ ಒಳಗೆ ರಕ್ತವೂ ಸೋರಿದ್ದರೆ ಆ ಸಾಧ್ಯತೆ ಇನ್ನೂ ಎಷ್ಟೋ ಜಾಸ್ತಿ.

ಹರಿದ ಜಾಗದಿಂದ ನೀರಾದ ಜೆಲ್ಲಿ ರೆಟಿನಾದ ಹಿಂದೆ ನುಗ್ಗುತ್ತದೆ. ಮಳೆನೀರು ಹೊಕ್ಕ ಗೋಡೆಯ ಗಾರೆ ಒಂದು ಕಡೆ ಉಬ್ಬಿ, ನಿಧಾನವಾಗಿ ಇಡೀ ಗೋಡೆಯಿಂದ ಬಿಟ್ಟುಕೊಳ್ಳುವ ಹಾಗೆ ರೆಟಿನಾ ಕಳಚುತ್ತಾ ಹೋಗುತ್ತದೆ. ರೋಗಿಗೆ ಕಾಣುವುದು ಬದಿಯಿಂದ ಕಪ್ಪು ಪರದೆ ಇಳಿದುಬಂದಂತೆ. ನೋವು ಚೂರೂ ಇರುವುದಿಲ್ಲ. ಇದೇ ದೊಡ್ಡ ತೊಂದರೆ. ಹಲ್ಲುನೋವಿಗೆ ಅದೇ ದಿನ ಓಡುವವರು ನೋವಿಲ್ಲದ ಕಣ್ಣನ್ನು ಹದಿನೈದು ದಿನ ಸುಮ್ನೆ ಬಿಟ್ಟಿರುತ್ತಾರೆ.

ಆ ಹದಿನೈದು ದಿನಕ್ಕೆ ಯಾಕಿಷ್ಟು ಬೆಲೆ? ಬೆಳಕು ಹಿಡಿಯುವ ಕೋಶಗಳಿಗೆ ಆಮ್ಲಜನಕ, ಆಹಾರ ಹೆಚ್ಚಾಗಿ ಬರುವುದು ರೆಟಿನಾದ ಹಿಂದಿರುವ ರಕ್ತನಾಳಗಳ ಪದರದಿಂದ. ರೆಟಿನಾ ಆ ಪದರದಿಂದ ಬಿಟ್ಟುಕೊಂಡ ಕ್ಷಣದಿಂದ ಕೋಶಗಳು ಹಸಿದಿರುತ್ತವೆ, ಆಮೇಲೆ ಸಾಯತೊಡಗುತ್ತವೆ. ಮ್ಯಾಕ್ಯುಲಾ ಇನ್ನೂ ಅಂಟಿಕೊಂಡಿದ್ದರೆ ವೈದ್ಯರು ಒಂದೆರಡು ದಿನದಲ್ಲೇ ಆಪರೇಷನ್‌ಗೆ ಆತುರಪಡುತ್ತಾರೆ. ಅದೂ ಬಿಟ್ಟಿದ್ದರೆ ಒಂದು ವಾರದೊಳಗೆ ಮಾಡಲು ನೋಡುತ್ತಾರೆ. ಬರೀ ಹರಿದಿದ್ದು, ಇನ್ನೂ ಕಳಚಿಲ್ಲದಿದ್ದರೆ ಹೊರರೋಗಿ ವಿಭಾಗದಲ್ಲೇ ಲೇಸರ್ ಹೊಡೆದು ಹರಿದ ಜಾಗದ ಸುತ್ತ ಅಂಚು ಕಟ್ಟಿ ಮನೆಗೆ ಕಳಿಸಬಹುದು. ಒಂದು ವಾರದ ಆಚೆ ಈಚೆಗೆ ಇಷ್ಟು ವ್ಯತ್ಯಾಸ.

ಸಕ್ಕರೆ ಕಾಯಿಲೆ ಇದ್ದವರ ಕಣ್ಣು

ನಮ್ಮಲ್ಲಿ ವಿಟ್ರೆಕ್ಟಮಿಯ ಮಾತು ಬರಲು ದೊಡ್ಡ ಕಾರಣ ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಿಗದ ರೆಟಿನಾ ವಿಇಜಿಎಫ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದರ ಕೆಲಸ ಹೊಸ ರಕ್ತನಾಳ ಬೆಳೆಸುವುದು. ಬೆಳೆಯುತ್ತವೆ ಕೂಡ. ಆದರೆ ಅವು ದುರ್ಬಲ ನಾಳಗಳು. ಬೆಳೆಯುವ ಜಾಗವೂ ತಪ್ಪು. ರೆಟಿನಾದ ಮೇಲೆ ಹಬ್ಬಿ ವಿಟ್ರಿಯಸ್‌ನ ಹಿಂಬದಿಯನ್ನೇ ಆಸರೆ ಮಾಡಿಕೊಂಡು ಏರುತ್ತವೆ.

ಜೆಲ್ಲಿ ಸ್ವಲ್ಪ ಸರಿದರೂ ಈ ನಾಳಗಳು ಕಿತ್ತು ರಕ್ತ ಸೋರುತ್ತದೆ. ಒಂದು ಚಮಚದಷ್ಟು ಜಾಗದಲ್ಲಿ ನಾಲ್ಕು ಹನಿ ರಕ್ತ ಸಾಕು, ಬೆಳಿಗ್ಗೆ ಎದ್ದಾಗ ಕಣ್ಣೆದುರು ಕೆಂಪು–ಕಪ್ಪು ಮೋಡ. ಇದು ಅಡ್ಡ ಬರುವ ತೊಂದರೆ. ಇನ್ನು ಕೆಲವರಲ್ಲಿ ನಾಳಗಳ ಜೊತೆ ನಾರಿನಂಥ ತೆಳು ಪದರ ಬೆಳೆದು, ಕುಗ್ಗಿ, ರೆಟಿನಾವನ್ನೇ ಮೇಲಕ್ಕೆತ್ತುತ್ತದೆ. ಇದು ಎಳೆಯುವ ತೊಂದರೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ರಕ್ತದ ಹಿಂದೆ ಏನಿದೆ ಎಂದು ಡಾಕ್ಟರಿಗೆ ನೇರವಾಗಿ ಕಾಣುವುದಿಲ್ಲ. ಅದಕ್ಕೇ ಕಣ್ಣಿಗೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಾರೆ. ಆ ಸ್ಕ್ಯಾನ್ ಯಾಕೆ ಎಂದು ಕೇಳುವವರಿಗೆ ಉತ್ತರ ಇದೇ: ಕಾಯಬಹುದೋ ಬಾರದೋ ಎಂಬುದನ್ನು ತೀರ್ಮಾನಿಸುವುದು ಅದು.

ಮೊಟ್ಟೆಯ ಬಿಳಿಯಿಂದ ಶುರುವಾದ ಆಪರೇಷನ್

1960ರ ದಶಕದವರೆಗೂ ವಿಟ್ರಿಯಸ್ ಮುಟ್ಟಬಾರದು ಎಂಬುದೇ ನೇತ್ರವೈದ್ಯರ ನಂಬಿಕೆ. ಮುಟ್ಟಿದರೆ ಕಣ್ಣು ಹೋದಂತೆಯೇ ಎಂದುಕೊಂಡಿದ್ದರು. ಅಮೆರಿಕದ ಮಯಾಮಿಯಲ್ಲಿ ಡೇವಿಡ್ ಕ್ಯಾಸ್ನರ್ ಕಣ್ಣಿನ ಮುಂಭಾಗವನ್ನೇ ತೆರೆದು ವಿಟ್ರಿಯಸ್ ತೆಗೆದು, ಅದಿಲ್ಲದೆಯೂ ಕಣ್ಣು ಬದುಕುತ್ತದೆ ಎಂದು ತೋರಿಸಿದರು. ಅಲ್ಲೇ ಕೆಲಸ ಮಾಡುತ್ತಿದ್ದ ಜರ್ಮನ್ ಮೂಲದ ರಾಬರ್ಟ್ ಮ್ಯಾಕೆಮರ್ ಅದನ್ನು ಕಣ್ಣು ತೆರೆಯದೆ ಮಾಡುವ ದಾರಿ ಹುಡುಕಿದರು. ಕತ್ತರಿಸುತ್ತಾ ಹೀರಿಕೊಳ್ಳುವ ಸಾಧನವನ್ನು ಅವರು ಮೊದಲು ಪರೀಕ್ಷಿಸಿದ್ದು ಮೊಟ್ಟೆಯ ಬಿಳಿಯ ಮೇಲೆ. 1970ರಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ತುಂಬಿ ವರ್ಷಗಳಿಂದ ನೋಟ ಕಳೆದುಕೊಂಡಿದ್ದ ರೋಗಿಗೆ ಈ ಆಪರೇಷನ್ ಮಾಡಿದರು. ಇಂದಿನ ವಿಟ್ರೆಕ್ಟಮಿಯ ಬೇರು ಅಲ್ಲಿದೆ.

ಈಗ ಕಣ್ಣಿನ ಕಪ್ಪುಭಾಗದ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ ಮೂರು ಸಣ್ಣ ರಂಧ್ರ ಮಾಡುತ್ತಾರೆ. ರೆಟಿನಾಗೂ ಮಸೂರಕ್ಕೂ ತಾಕದೆ ಒಳಹೋಗಲು ಇರುವ ಕಿರಿದಾದ ಜಾಗ ಅದು. ಒಂದರಿಂದ ಉಪ್ಪುನೀರಿನಂಥ ದ್ರವ ಒಳಹೋಗುತ್ತದೆ, ಕಣ್ಣು ಕುಸಿಯದಂತೆ ಹಿಡಿದಿಡುತ್ತದೆ. ಇನ್ನೊಂದರಿಂದ ಬೆಳಕು. ಮೂರನೆಯದರಿಂದ ಕತ್ತರಿಸಿ ಹೀರುವ ಕಟರ್. ಮ್ಯಾಕೆಮರ್ ಕಾಲದ ಸಾಧನ ಎರಡು ಮಿಲಿಮೀಟರ್ ಹತ್ತಿರ ದಪ್ಪವಿತ್ತಾದರೆ, 2000ದ ದಶಕದಲ್ಲಿ ಬಂದ 25 ಗೇಜ್ ಸಾಧನ ಅರ್ಧ ಮಿಲಿಮೀಟರ್ ಮಾತ್ರ. ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಡ. ಕಟರ್ ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುತ್ತದೆ. ವೇಗ ಹೆಚ್ಚಿದಷ್ಟೂ ಒಂದೊಂದು ಕಡಿತದಲ್ಲಿ ಬರುವ ತುಣುಕು ಚಿಕ್ಕದು, ರೆಟಿನಾ ಮೇಲೆ ಎಳೆತ ಕಡಿಮೆ. ಹೆಚ್ಚಿನವರಿಗೆ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಸಾಕು.

ತೆಗೆದ ಜೆಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಜಾಗವನ್ನು ಕಣ್ಣೇ ಸ್ರವಿಸುವ ನೀರು ತುಂಬಿಕೊಳ್ಳುತ್ತದೆ. ನೋಡಲು ಆ ನೀರೇ ಸಾಕು. ಆದರೆ ಜೆಲ್ಲಿ ಮಾಡುತ್ತಿದ್ದ ಇನ್ನೊಂದು ಕೆಲಸ ನಿಂತುಹೋಗುತ್ತದೆ. ರೆಟಿನಾ ಕಡೆಯ ಆಮ್ಲಜನಕ ಮಸೂರದವರೆಗೆ ಬರದಂತೆ ಅದು ತಡೆಯುತ್ತಿತ್ತು. ತಡೆ ಹೋದ ಮೇಲೆ ಮಸೂರ ಬೇಗ ಮಬ್ಬಾಗುತ್ತದೆ. 50 ದಾಟಿದವರಲ್ಲಿ ಬಹುಪಾಲು ಜನರಿಗೆ ಎರಡು ವರ್ಷದೊಳಗೆ ಪೊರೆಯ ಆಪರೇಷನ್ ಬೇಕಾಗುತ್ತದೆ. "ಆಪರೇಷನ್ ಮಾಡಿಸಿ ಚೆನ್ನಾಗಿತ್ತು, ಆಮೇಲೆ ಕೆಟ್ಟಿತು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಮೊದಲೇ ಹೇಳಿದ್ದರೆ ಆ ಬೇಸರ ಇರುತ್ತಿರಲಿಲ್ಲ, ಅಲ್ವಾ?

ಗ್ಯಾಸ್, ಆಯಿಲ್ ಮತ್ತು ಘಾಟಿ ರಸ್ತೆ

ರಕ್ತ ಮಾತ್ರ ತೆಗೆದಿದ್ದರೆ ನೀರು ಸಾಕು. ರೆಟಿನಾ ಕಳಚಿದ್ದರೆ ಅದನ್ನು ಗೋಡೆಗೆ ಒತ್ತಿ ಹಿಡಿಯುವ ಏನಾದರೂ ಬೇಕು. ಅದಕ್ಕೆ ಗ್ಯಾಸ್ ಅಥವಾ ಸಿಲಿಕೋನ್ ಆಯಿಲ್ ತುಂಬಿಸುತ್ತಾರೆ. ಎಸ್‌ಎಫ್6 ಎಂಬ ಗ್ಯಾಸ್ ಸುಮಾರು ಎರಡು ವಾರ, ಸಿ3ಎಫ್8 ಆರರಿಂದ ಎಂಟು ವಾರ ಕಣ್ಣಲ್ಲಿದ್ದು ತಾನಾಗಿ ಕರಗಿಹೋಗುತ್ತದೆ. ಗ್ಯಾಸ್ ಮೇಲಕ್ಕೇರುವ ಗುಣದ್ದು. ರೆಟಿನಾ ಇರುವುದು ಕಣ್ಣಿನ ಹಿಂಭಾಗದಲ್ಲಿ. ಗುಳ್ಳೆ ಅಲ್ಲಿ ಒತ್ತಬೇಕಾದರೆ ರೋಗಿ ಮುಖ ಕೆಳಗೆ ಮಾಡಿ ಮಲಗಬೇಕು. ಬೋರಲು ಮಲಗಿ ಎಂದು ಡಾಕ್ಟರು ಪದೇ ಪದೇ ಹೇಳುವುದಕ್ಕೆ ಇಷ್ಟೇ ಕಾರಣ. ಯಾವ ಕಡೆ ಹರಿದಿದೆ ಎಂಬುದರ ಮೇಲೆ ಮಲಗುವ ಭಂಗಿಯೂ ಬದಲಾಗುತ್ತದೆ.

ಕಣ್ಣಲ್ಲಿ ಗ್ಯಾಸ್ ಇರುವಾಗ ವಿಮಾನ ಹತ್ತಬಾರದು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಗುಳ್ಳೆ ಹಿಗ್ಗುತ್ತದೆ. ಕಣ್ಣಿನ ಒತ್ತಡ ಏರಿ, ಮಿದುಳಿಗೆ ಹೋಗುವ ನರಕ್ಕೆ ರಕ್ತ ನಿಂತು, ಇದ್ದ ನೋಟವೂ ಹೋಗಬಹುದು. ವಿಮಾನದ ಮಾತು ಎಲ್ಲರೂ ಹೇಳುತ್ತಾರೆ. ಘಾಟಿಯ ಮಾತು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಸಂಪಾಜೆ ಹತ್ತಿ ಮಡಿಕೇರಿಗೆ ಹೊರಟರೆ ಕೆಲವೇ ಗಂಟೆಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಎತ್ತರ ಏರಿದಂತಾಯಿತು. ಶಿರಾಡಿ ಹತ್ತಿ ಬೆಂಗಳೂರಿಗೆ ಬಂದರೂ ಸುಮಾರು 900 ಮೀಟರ್. ಕೊಡಗು, ಚಿಕ್ಕಮಗಳೂರಿನವರು ಊರಿಗೆ ಹೊರಡುವ ಮೊದಲು ಇದನ್ನು ಬಾಯಿಬಿಟ್ಟು ಕೇಳಲೇಬೇಕು. ಅದೇ ಹೊತ್ತಿನಲ್ಲಿ ಬೇರೆ ಆಪರೇಷನ್ ಬಂದರೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಅರಿವಳಿಕೆ ಕೊಡುವವರಿಗೂ ತಿಳಿಸಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಹಾಗೆಯೇ ಹಿಗ್ಗುತ್ತದೆ.

ಆಯಿಲ್‌ಗೆ ಎತ್ತರದ ಚಿಂತೆ ಇಲ್ಲ. ಆದರೆ ಅದು ಕರಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಹಾಗೇ ಬಿಟ್ಟರೆ ಸಣ್ಣ ಹನಿಗಳಾಗಿ ಒಡೆದು ಕಣ್ಣಿನ ಒತ್ತಡ ಏರಿಸಬಹುದು, ಕಣ್ಣಿನ ಮುಂಭಾಗದ ತಿಳಿ ಪದರವಾದ ಕಾರ್ನಿಯಾವನ್ನು ಕೆಡಿಸಬಹುದು.

ಎಷ್ಟು ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಯಾವುದು?

ವಿಟ್ರೆಕ್ಟಮಿ ದೃಷ್ಟಿ ಕೊಡುವ ಆಪರೇಷನ್ ಎಂದು ಜನ ತಿಳಿಯುತ್ತಾರೆ. ಅದು ದಾರಿ ತೆರವು ಮಾಡುತ್ತದೆ, ರೆಟಿನಾವನ್ನು ಮತ್ತೆ ಜಾಗಕ್ಕೆ ಕೂರಿಸುತ್ತದೆ. ನೋಡುವುದು ರೆಟಿನಾ. ಅದರಲ್ಲಿ ಜೀವ ಎಷ್ಟು ಉಳಿದಿದೆಯೋ ಅಷ್ಟೇ ನೋಟ. ಹಾಗಾಗಿ ಒಂದೇ ಡಾಕ್ಟರು, ಒಂದೇ ಮೆಷಿನ್, ಒಂದೇ ದಿನ ಮಾಡಿದ ಎರಡು ಆಪರೇಷನ್‌ಗಳಲ್ಲಿ ಒಬ್ಬರು ಪೇಪರ್ ಓದುವಂತಾಗಬಹುದು, ಇನ್ನೊಬ್ಬರಿಗೆ ಬೆರಳು ಎಣಿಸುವಷ್ಟೇ ಕಾಣಬಹುದು. ಮೊದಲನೆಯವರಿಗೆ ಇದ್ದದ್ದು ಬರೀ ರಕ್ತ. ಎರಡನೆಯವರ ಮ್ಯಾಕ್ಯುಲಾ ತಿಂಗಳುಗಟ್ಟಲೆ ಎತ್ತಿಕೊಂಡಿತ್ತು.

"ಆಪರೇಷನ್ ಸಕ್ಸಸ್" ಎಂದು ಡಾಕ್ಟರು ಹೇಳಿದಾಗ ಅವರ ಲೆಕ್ಕದಲ್ಲಿ ರೆಟಿನಾ ಅಂಟಿಕೊಂಡಿದೆ ಎಂದರ್ಥ. ರೆಟಿನಾ ಕಳಚಿದವರಲ್ಲಿ ಮೊದಲ ಆಪರೇಷನ್‌ಗೇ ಅದು ಕೂರುವುದು ಸುಮಾರು 85ರಿಂದ 90 ಶೇಕಡಾ ಜನರಿಗೆ. ಮನೆಯವರ ಲೆಕ್ಕ ಬೇರೆ. ಅವರಿಗೆ ಸಕ್ಸಸ್ ಎಂದರೆ ಮೊದಲಿನಂತೆ ಕಾಣುವುದು. ಆಸ್ಪತ್ರೆಗಳ ಎದುರು ನಡೆಯುವ ಜಗಳಗಳಲ್ಲಿ ಹಲವು ಈ ಎರಡು ಲೆಕ್ಕಗಳ ನಡುವಿನ ಅಂತರದಿಂದ ಹುಟ್ಟುತ್ತವೆ ಎಂದು ನನಗನ್ನಿಸುತ್ತದೆ. ಆಪರೇಷನ್‌ಗೆ ಮುಂಚೆ ಹತ್ತು ನಿಮಿಷ ಕೂತು ವಿವರಿಸುವುದು ಚಿಕಿತ್ಸೆಯ ಭಾಗವೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರು ದಾನ ಮಾಡಿದ ಕಣ್ಣುಗಳಿಂದ ನಾಲ್ಕು ಜನರಿಗೆ ನೋಟ ಬಂತು. ಆ ನಂತರ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರು ಬಹಳ ಹೆಚ್ಚಿದರು. ಅದು ನಿಜಕ್ಕೂ ದೊಡ್ಡ ವಿಷಯ. ಆದರೆ ದಾನದ ಕಣ್ಣಿನಿಂದ ಇನ್ನೊಬ್ಬರಿಗೆ ನೋಟ ಕೊಡುವುದು ಮುಂಭಾಗದ ಕಾರ್ನಿಯಾ ಮಾತ್ರ. ರೆಟಿನಾ ಹೋದವರಿಗೆ, ಮಿದುಳಿಗೆ ಹೋಗುವ ನರ ಒಣಗಿದವರಿಗೆ ದಾನದ ಕಣ್ಣು ಕೂರಿಸಲು ಆಗುವುದಿಲ್ಲ. ಹಿಂಭಾಗದ ರಿಪೇರಿಗೆ ಬದಲಿ ಭಾಗವೇ ಇಲ್ಲದಿರುವುದರಿಂದ ಸಮಯದ ಬೆಲೆ ಇನ್ನೂ ಹೆಚ್ಚು.

ಇಂಜೆಕ್ಷನ್ ಮೊದಲೋ, ಆಪರೇಷನ್ ಮೊದಲೋ?

ಸಕ್ಕರೆ ಕಾಯಿಲೆಯವರ ಕಣ್ಣೊಳಗೆ ರಕ್ತ ಸೋರಿದಾಗ ಏನು ಮಾಡಬೇಕು ಎಂಬುದರಲ್ಲಿ ಪರಿಣತರೇ ಒಂದೇ ಮಾತು ಹೇಳುವುದಿಲ್ಲ. ಹಳೆಯ ಪದ್ಧತಿ ಕಾಯುವುದು. ರಕ್ತ ತಾನಾಗಿ ಕರಗಬಹುದು. 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 616 ಕಣ್ಣುಗಳನ್ನು ಎರಡು ಗುಂಪು ಮಾಡಿ ನೋಡಿತು. ಬೇಗ ಆಪರೇಷನ್ ಮಾಡಿದವರಲ್ಲಿ ಎರಡು ವರ್ಷದ ನಂತರ ಒಳ್ಳೆಯ ನೋಟ ಇದ್ದದ್ದು 25 ಶೇಕಡಾ ಕಣ್ಣುಗಳಿಗೆ. ಒಂದು ವರ್ಷ ಕಾದವರಲ್ಲಿ 15 ಶೇಕಡಾ. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1 ರೋಗಿಗಳಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: 36ಕ್ಕೆ 12. ಕಾಯುವ ಪದ್ಧತಿ ಅಲ್ಲಿಗೆ ಸಡಿಲವಾಯಿತು.

ಆಮೇಲೆ ವಿಇಜಿಎಫ್ ತಡೆಯುವ ಇಂಜೆಕ್ಷನ್‌ಗಳು ಬಂದವು. ಹೊಸ ನಾಳಗಳನ್ನೇ ಒಣಗಿಸಿದರೆ ರಕ್ತ ಸೋರುವುದು ನಿಂತು, ಇದ್ದದ್ದು ಕರಗುತ್ತದಲ್ಲ, ಆಪರೇಷನ್ ಯಾಕೆ? ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ 205 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೇಳಿತು. ಅರ್ಧದಷ್ಟು ಜನರಿಗೆ ವಿಇಜಿಎಫ್ ತಡೆಯುವ ಅಫ್ಲಿಬರ್ಸೆಪ್ಟ್ ಇಂಜೆಕ್ಷನ್, ಉಳಿದವರಿಗೆ ವಿಟ್ರೆಕ್ಟಮಿ ಜೊತೆ, ರಕ್ತ ಸಿಗದ ರೆಟಿನಾವನ್ನು ಸುಟ್ಟು ಹೊಸ ನಾಳ ಬೆಳೆಯದಂತೆ ಮಾಡುವ ಲೇಸರ್. ಆರು ತಿಂಗಳ ಸರಾಸರಿ ನೋಟದಲ್ಲಿ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಆಪರೇಷನ್ ಆದವರಿಗೆ ತಿಂಗಳೊಳಗೇ ಸ್ಪಷ್ಟವಾಗಿ ಕಂಡಿತು, ಮತ್ತೆ ರಕ್ತ ಸೋರುವುದೂ ಕಡಿಮೆ ಇತ್ತು. ಇಂಜೆಕ್ಷನ್ ಗುಂಪಿನ ಮೂರರಲ್ಲಿ ಒಂದು ಪಾಲು ಜನ ಎರಡು ವರ್ಷದೊಳಗೆ ಆಪರೇಷನ್‌ಗೇ ಹೋದರು. ಆಪರೇಷನ್ ಗುಂಪಿನಲ್ಲೂ ಹತ್ತಿರಹತ್ತಿರ ಅಷ್ಟೇ ಜನರಿಗೆ ಆಮೇಲೆ ಇಂಜೆಕ್ಷನ್ ಬೇಕಾಯಿತು.

ಹಾಗಾದರೆ ಎರಡೂ ಒಂದೇ ಎನ್ನೋಣವೇ? ನಮ್ಮ ಪರಿಸ್ಥಿತಿಯಲ್ಲಿ ಹಾಗೆ ಹೇಳುವುದು ಕಷ್ಟ. ಇಂಜೆಕ್ಷನ್ ಒಂದು ಸಲ ಹಾಕಿ ಮುಗಿಯುವಂಥದ್ದಲ್ಲ, ಹಲವು ತಿಂಗಳು ಪದೇ ಪದೇ ಬರಬೇಕು. ಪ್ರಯೋಗಗಳಲ್ಲಿ ರೋಗಿಗಳನ್ನು ಫೋನ್ ಮಾಡಿ ಕರೆಸಿಕೊಳ್ಳುತ್ತಾರೆ. ಸುರಪುರದಿಂದ ಕಲಬುರಗಿಗೋ ಬೆಂಗಳೂರಿಗೋ ಬಸ್ಸಿನಲ್ಲಿ ಬರಬೇಕಾದ ಕೂಲಿಯವರನ್ನು ಕರೆಸಿಕೊಳ್ಳುವವರು ಯಾರು? ಕಣ್ಣು ಸ್ವಲ್ಪ ತಿಳಿಯಾದ ಕೂಡಲೇ ಬರುವುದು ನಿಲ್ಲುತ್ತದೆ. ಬರೀ ಇಂಜೆಕ್ಷನ್ ನಂಬಿ ನಡುವೆ ತಪ್ಪಿಸಿಕೊಂಡವರ ಕಣ್ಣು ಲೇಸರ್ ಮಾಡಿಸಿಕೊಂಡು ತಪ್ಪಿಸಿಕೊಂಡವರ ಕಣ್ಣಿಗಿಂತ ಜಾಸ್ತಿ ಹಾಳಾಗುತ್ತದೆ ಎಂದು ಅಮೆರಿಕದ ಆಸ್ಪತ್ರೆ ದಾಖಲೆಗಳೇ ತೋರಿಸಿವೆ. ಲೇಸರ್‌ನ ಫಲ ಉಳಿಯುತ್ತದೆ, ಇಂಜೆಕ್ಷನ್‌ನ ಫಲ ಕೆಲವು ವಾರಗಳದ್ದು. ಎಳೆಯುವ ನಾರಿನ ಪದರ ಆಗಲೇ ಬೆಳೆದಿದ್ದರೆ ಇನ್ನೊಂದು ಅಪಾಯ ಇದೆ. ಇಂಜೆಕ್ಷನ್‌ನಿಂದ ನಾಳಗಳು ಒಣಗುವಾಗ ಆ ಪದರ ಕುಗ್ಗಿ ರೆಟಿನಾವನ್ನು ಇನ್ನಷ್ಟು ಎಳೆಯಬಹುದು. ಅದಕ್ಕೇ ಅಂಥವರಿಗೆ ಆಪರೇಷನ್‌ಗೆ ಕೆಲವೇ ದಿನ ಮುಂಚೆ ಕೊಡುತ್ತಾರೆ, ಕೊಟ್ಟು ಬಿಟ್ಟುಬಿಡುವುದಿಲ್ಲ.

ಬೆಲೆಯ ಪ್ರಶ್ನೆ ಬೇರೆ ಇದೆ. ಕಣ್ಣಿಗೆಂದೇ ತಯಾರಾದ ಇಂಜೆಕ್ಷನ್‌ಗಳು ದುಬಾರಿ. ಹಾಗಾಗಿ ಕ್ಯಾನ್ಸರ್‌ಗೆ ಬಳಸುವ ಬೆವಾಸಿಜುಮಾಬ್ ಅನ್ನು, ಅಂದರೆ ಅವಾಸ್ಟಿನ್ ಅನ್ನು ಸಣ್ಣ ಸಣ್ಣ ಪ್ರಮಾಣಕ್ಕೆ ಹಂಚಿ ಕಣ್ಣಿಗೆ ಹಾಕುವುದು ಪ್ರಪಂಚದ ಎಲ್ಲ ಕಡೆ ರೂಢಿ. ಔಷಧ ಕೆಲಸ ಮಾಡುತ್ತದೆ. ಅಪಾಯ ಇರುವುದು ಹಂಚುವ ಹಂತದಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಪಂಜಾಬ್‌ನಲ್ಲಿ ಹಾಗೆ ಹಂಚಿದ ಔಷಧದಿಂದ ಸೋಂಕಾಗಿ ಹತ್ತಾರು ಜನ ನೋಟ ಕಳೆದುಕೊಂಡರು. 2016ರಲ್ಲಿ ಗುಜರಾತ್‌ನ ಇದೇ ಔಷಧದಿಂದ ಕಣ್ಣು ಕೆಟ್ಟ ಪ್ರಕರಣದ ನಂತರ ನಮ್ಮ ಕೇಂದ್ರ ಔಷಧ ನಿಯಂತ್ರಕರು ಇದನ್ನು ಕಣ್ಣಿಗೆ ಬಳಸಬೇಡಿ ಎಂದು ಹೇಳಿ, ತಿಂಗಳುಗಳಲ್ಲೇ ಆ ಎಚ್ಚರಿಕೆಯನ್ನು ಹಿಂದಕ್ಕೆ ಪಡೆದರು. ನಿಲ್ಲಿಸಿದರೆ ಬಡವರಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ. 2015ರಲ್ಲಿ ಭಾರತದಲ್ಲೇ, ಕಣ್ಣಿಗೆಂದೇ ಇರುವ ರಾನಿಬಿಜುಮಾಬ್‌ನ ಬಯೋಸಿಮಿಲರ್, ಅಂದರೆ ಅದಕ್ಕೆ ಸಮಾನವಾದ ಔಷಧ ಬಂದ ಮೇಲೆ ಕಣ್ಣಿನ ಔಷಧವೂ ಮೊದಲಿಗಿಂತ ಅಗ್ಗವಾಯಿತು.

ಬರೀ ಚುಕ್ಕೆಗೆ ಆಪರೇಷನ್ ಬೇಕೇ?

ಈಗ ಮೊಬೈಲ್ ತೆರೆದರೆ ಕಣ್ಣೆದುರಿನ ಚುಕ್ಕೆ ಓಡಿಸುವ ವಿಡಿಯೋಗಳು ಸಾಲುಸಾಲು. ಅನಾನಸ್ ತಿಂದರೆ ಕರಗುತ್ತದೆ ಎಂಬ ಮಾತು 2019ರಲ್ಲಿ ತೈವಾನ್‌ನಿಂದ ಬಂದ ಒಂದು ದುರ್ಬಲ ಅಧ್ಯಯನದಿಂದ ಹಬ್ಬಿತು. ತಿಂದ ಹಣ್ಣಿನ ಕಿಣ್ವ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಕಣ್ಣಿನ ಜೆಲ್ಲಿಯನ್ನು ಹುಡುಕಿ ಹೋಗುವುದಿಲ್ಲ. ಚುಕ್ಕೆ ಕರಗಿಸುವುದು ರುಜುವಾತಾದ ಕಣ್ಣಿನ ಹನಿ ಒಂದೂ ಇಲ್ಲ. ಸಕ್ಕರೆ ಕಾಯಿಲೆಯವರು ಇವುಗಳ ಬೆನ್ನು ಹತ್ತಿ ತಿಂಗಳು ಕಳೆದರೆ ಅದು ನಿಜವಾದ ಹಾನಿ.

ವೈದ್ಯರ ನಡುವಿನ ಚರ್ಚೆ ಬೇರೆ ತರಹದ್ದು. ಒಂದು ಬಣ ಹೇಳುವುದು: ಚುಕ್ಕೆಗೆ ಮಿದುಳು ಒಗ್ಗಿಕೊಳ್ಳುತ್ತದೆ, ಅಪಾಯವಿಲ್ಲದ ತೊಂದರೆಗೆ ಅಪಾಯವಿರುವ ಆಪರೇಷನ್ ಯಾಕೆ? ರೆಟಿನಾ ಹರಿಯಬಹುದು, ಪೊರೆ ಬರಬಹುದು, ಅಪರೂಪಕ್ಕೆ ಸೋಂಕೂ ಆಗಬಹುದು. ಇನ್ನೊಂದು ಬಣ ಹೇಳುವುದು: ಬೋರ್ಡಿನ ಅಕ್ಷರ ಪೂರ್ತಿ ಓದಿದರೂ ದಟ್ಟ ಚುಕ್ಕೆ ಇರುವವರಿಗೆ ಬೆಳಕು–ನೆರಳಿನ ವ್ಯತ್ಯಾಸ ಮಸುಕಾಗುತ್ತದೆ, ರಾತ್ರಿ ಗಾಡಿ ಓಡಿಸಲು, ಕಂಪ್ಯೂಟರ್ ನೋಡಲು ಆಗುವುದಿಲ್ಲ, ಅವರ ಕಷ್ಟವನ್ನು ಸುಮ್ಮನೆ ತಳ್ಳಿಹಾಕಬಾರದು. ಯಾಗ್ ಲೇಸರ್‌ನಿಂದ ಚುಕ್ಕೆ ಒಡೆಯುವ ನಡುದಾರಿಯೂ ಇದೆ. 2017ರಲ್ಲಿ 52 ಜನರ ಮೇಲೆ ನಡೆದ ಪ್ರಯೋಗದಲ್ಲಿ ಲೇಸರ್ ಆದವರಲ್ಲಿ 54 ಶೇಕಡಾ, ಲೇಸರ್ ಕೊಟ್ಟಂತೆ ಮಾಡಿ ನಿಜಕ್ಕೂ ಕೊಡದವರಲ್ಲಿ 9 ಶೇಕಡಾ ಚೇತರಿಕೆ ಕಂಡರು. ಆದರೆ ಅದು ರೆಟಿನಾದಿಂದ ದೂರವಿದ್ದ ಒಂದೇ ಬಗೆಯ ಚುಕ್ಕೆಗೆ ಮಾಡಿದ್ದು.

ಈ ಚರ್ಚೆಯಲ್ಲಿ ಎಚ್ಚರ ಹೇಳುವವರ ಕಡೆಗೇ ನನ್ನ ಒಲವು. ಸಾಮಾನ್ಯ ಚುಕ್ಕೆಗೆ ಮೊದಲ ಭೇಟಿಯಲ್ಲೇ ಆಪರೇಷನ್ ಪ್ಯಾಕೇಜ್ ಹೇಳುವ ಕಡೆ ಇನ್ನೊಬ್ಬ ರೆಟಿನಾ ತಜ್ಞರ ಮಾತು ಕೇಳಿ ಬರುವುದು ಒಳ್ಳೆಯದು. ವರ್ಷಗಳಿಂದ ಇರುವ ನಾಲ್ಕು ಚುಕ್ಕೆ ಬೇರೆ. ನಿನ್ನೆ ರಾತ್ರಿ ಇದ್ದಕ್ಕಿದ್ದಂತೆ ಮಸಿ ಎರಚಿದಂತೆ ಬಂದ ಚುಕ್ಕೆ, ಮಿಂಚು, ಪರದೆ ಬೇರೆ. ಎರಡನೆಯದಕ್ಕೆ ಅದೇ ದಿನ, ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುವ ಡಾಕ್ಟರ ಹತ್ತಿರ ಹೋಗಬೇಕು.

ಮುಂದಿನ ಹೊರೆ

2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. 2015ರಿಂದ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇರುವ 50 ದಾಟಿದವರಲ್ಲಿ 16.9 ಶೇಕಡಾ ಜನರ ರೆಟಿನಾಗೆ ತೊಂದರೆ ಆಗಿತ್ತು, 3.6 ಶೇಕಡಾ ಜನರಿಗೆ ನೋಟ ಹೋಗುವ ಹಂತದ್ದು. ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹತ್ತಿರಹತ್ತಿರ 90 ಶೇಕಡಾ ಜನ ಒಮ್ಮೆಯೂ ರೆಟಿನಾ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಲೇಸರ್‌ನಲ್ಲೇ ನಿಲ್ಲಬಹುದಾಗಿದ್ದ ಕಣ್ಣು ವಿಟ್ರೆಕ್ಟಮಿಯವರೆಗೆ ಬರುವುದು ಹೀಗೆ. ಪೊರೆಗೆ ಊರೂರಲ್ಲಿ ಶಿಬಿರಗಳಿವೆ. ರೆಟಿನಾ ತಜ್ಞರು, ಕೋಟಿ ಬೆಲೆಯ ಹತ್ತಿರ ಹೋಗುವ ಮೆಷಿನ್‌ಗಳು ದೊಡ್ಡ ನಗರಗಳಲ್ಲೇ ಹೆಚ್ಚು.

ಆದರೆ ಪರೀಕ್ಷೆ ದೂರದಿಂದಲೂ ಸಾಧ್ಯ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ರೆಟಿನಾಗೆ ಬರುವ ತೊಂದರೆಯನ್ನು ಹಿಡಿಯಲು 2008ರಲ್ಲಿ ಬೆಂಗಳೂರಿನ ಕಣ್ಣಾಸ್ಪತ್ರೆ ನಾರಾಯಣ ನೇತ್ರಾಲಯ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರ ಬೆಂಗಳೂರಿಗೆ ಬರುತ್ತದೆ, ಇಲ್ಲಿಂದ ತಜ್ಞರು ನೋಡುತ್ತಾರೆ. ಸಮಯಕ್ಕೆ ಸರಿಯಾಗಿ ಲೇಸರ್ ಆದರೆ ಆ ಮಗುವಿಗೆ ವಿಟ್ರೆಕ್ಟಮಿ ಬೇಕಾಗುವುದೇ ಅಪರೂಪ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಮಾತ್ರೆ ಕೊಡುವ ಕೌಂಟರ್ ಪಕ್ಕದಲ್ಲೇ ಅಂಥ ಕ್ಯಾಮೆರಾ ಇಡುವುದು ತಂತ್ರಜ್ಞಾನದ ಕೊರತೆಯಿಂದ ನಿಂತಿಲ್ಲ. ಅದಕ್ಕೆ ಬೇಕಾದದ್ದು ಹಣ ಎತ್ತಿಡುವ ತೀರ್ಮಾನ.

ಅಲ್ಲಿಯವರೆಗೆ ಆಪರೇಷನ್‌ಗೆ ಸಹಿ ಹಾಕುವ ಮನೆಯವರು ಕೆಲವನ್ನಾದರೂ ಮುಂಚೆಯೇ ಕೇಳಿಕೊಳ್ಳಬೇಕು. ಮ್ಯಾಕ್ಯುಲಾ ಜಾಗದಲ್ಲಿದೆಯೇ, ಬಿಟ್ಟು ಎಷ್ಟು ದಿನವಾಗಿರಬಹುದು? ಎಷ್ಟು ನೋಟ ನಿರೀಕ್ಷಿಸಬಹುದು? ಒಳಗೆ ಹಾಕುವುದು ಗ್ಯಾಸೋ, ಆಯಿಲೋ? ಆಯಿಲ್ ಆದರೆ ತೆಗೆಯುವ ಎರಡನೇ ಆಪರೇಷನ್‌ನ ಖರ್ಚು ಈ ಪ್ಯಾಕೇಜ್‌ನಲ್ಲೇ, ಅಥವಾ ಆಯುಷ್ಮಾನ್ ಕಾರ್ಡಿನಲ್ಲೇ ಬರುತ್ತದೆಯೇ? ಇನ್ನೊಂದು ಕಣ್ಣನ್ನು ನೋಡಿದ್ದೀರಾ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬಾರದು. ಸಕ್ಕರೆ ಕಾಯಿಲೆ ಎರಡೂ ಕಣ್ಣಿಗೆ ಬರುತ್ತದೆ, ಮತ್ತು ಚೆನ್ನಾಗಿ ಕಾಣುತ್ತಿರುವ ಕಣ್ಣಿಗೆ ಬೇಕಾಗಿರುವುದು ಇನ್ನೂ ಬರೀ ಲೇಸರ್ ಇರಬಹುದು.